ಛೋಟಾ ಹಾಥಿಯ ಹಿಂದೆ ಹತ್ತುವ ಮುನ್ನ



ಕಳೆದ ಸಲ ಬಿಸಿಲಿನಲ್ಲಿ ಕೆಲಸ ಮಾಡುವವರು ಎಷ್ಟು ನೀರು ಕುಡಿಯಬೇಕು ಅಂತ ನೋಡಿದ್ದೆವು. ಈ ಸಲದ ವಿಷಯ ಪಿಕಪ್ ಗಾಡಿ. ಆರೋಗ್ಯದ ಮಾಲಿಕೆಯಲ್ಲಿ ಗಾಡಿಯ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಸಕ್ಕರೆ ಕಾಯಿಲೆ, ಬಿಪಿ ಇವೆಲ್ಲ ಮನುಷ್ಯನನ್ನು ವರ್ಷಗಟ್ಟಲೆ ಸವೆಸುತ್ತವೆ. ಸರಕಿನ ಗಾಡಿಯ ಹಿಂದಿನಿಂದ ಒಮ್ಮೆ ತಲೆ ಕೆಳಗಾಗಿ ಬಿದ್ದರೆ ಮೂವತ್ತು ವರ್ಷದ ಗಟ್ಟಿ ಆಳು ಅರ್ಧ ಗಂಟೆಯಲ್ಲಿ ಹಾಸಿಗೆ ಹಿಡಿಯುತ್ತಾನೆ. ಹಾಗಾಗಿ ಇದೂ ಆರೋಗ್ಯದ ವಿಷಯವೇ.

ಮುಂಬೈ, ಪುಣೆಯಲ್ಲಿ ಟಾಟಾ ಏಸ್‌ಗೆ ಛೋಟಾ ಹಾಥಿ ಅನ್ನುತ್ತಾರೆ. ಚೆನ್ನೈಗೆ ಹೋದರೆ ಅದೇ ಗಾಡಿ ಕುಟ್ಟಿ ಯಾನೈ. ಯಾವ ಊರಿಗೆ ಹೋದರೂ ಅದು ಮರಿ ಆನೆಯೇ! 2005ರಲ್ಲಿ ರಸ್ತೆಗೆ ಬಂದ ಈ ಗಾಡಿ ಮತ್ತು ಅದರ ಅಣ್ಣನಂತಿರುವ ಬೊಲೆರೊ ಪಿಕಪ್ ಇಲ್ಲದೆ ವಲಸೆ ಬಂದ ನಮ್ಮ ಕುಟುಂಬಗಳ ಬದುಕು ನಡೆಯುವುದಿಲ್ಲ. ರೂಮು ಬದಲಿಸುವಾಗ ಭಾಂಡಿ, ಗಾದಿ, ಕಪಾಟು ಅದರಲ್ಲೇ ಹೋಗುತ್ತವೆ. ಬೆಳಗ್ಗೆ ನಾಕಾದಲ್ಲಿ ನಿಂತ ಗೌಂಡಿಗಳನ್ನು ಮೇಸ್ತ್ರಿ ಸೈಟಿಗೆ ಕರೆದೊಯ್ಯುವುದೂ ಅದರಲ್ಲೇ. ಗಣಪತಿ ಬಿಡುವಾಗ ಮಕ್ಕಳೆಲ್ಲ ಅದರ ಮೇಲೆ. ಊರಿನ ಮದುವೆಗೆ, ಸವದತ್ತಿ ಎಲ್ಲಮ್ಮನ ಜಾತ್ರೆಗೆ ಇಡೀ ಓಣಿಯೇ ಒಂದು ಪಿಕಪ್‌ನಲ್ಲಿ ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ. "ಇಲ್ಲೇ ಹತ್ತಿರ, ಗಾಡಿ ಸ್ಲೋ ಹೋಗುತ್ತೆ, ಏನಾಗಲ್ಲ" ಎಂಬ ಮಾತನ್ನೂ ಕೇಳಿದ್ದೇವೆ. ಇವತ್ತು ಮುಖ್ಯವಾಗಿ ನೋಡಬೇಕಾದದ್ದು ಈ ಮಾತನ್ನೇ.

ಗಾಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಊರೊಳಗಿನ ರಸ್ತೆಯಲ್ಲಿ ಇದು ದೊಡ್ಡ ವೇಗವಲ್ಲ. ಎದುರಿನ ಲಾರಿಗೋ ಡಿವೈಡರ್‌ಗೋ ಗುದ್ದಿ ಗಾಡಿ ಗಕ್ಕನೆ ನಿಂತರೆ, ಹಿಂದೆ ಕೂತ ನಿಮ್ಮ ದೇಹ ಮಾತ್ರ ಅದೇ 40ರ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ. ಲೆಕ್ಕ ಹಾಕಿದರೆ ಇದು ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡನೇ ಮಹಡಿಯ ಗ್ಯಾಲರಿಯಿಂದ ಕೆಳಗೆ ಬಿದ್ದಾಗ ನೆಲ ಮುಟ್ಟುವ ಹೊತ್ತಿಗೆ ಇರುವ ವೇಗ. 60ರಲ್ಲಿ ಹೋಗುತ್ತಿದ್ದರೆ ಎತ್ತರ 14 ಮೀಟರ್ ಆಗುತ್ತದೆ. ವೇಗ ಒಂದೂವರೆ ಪಟ್ಟು ಹೆಚ್ಚಾದರೆ ಬೀಳುವ ಎತ್ತರ ಎರಡು ಪಟ್ಟನ್ನೂ ದಾಟುತ್ತದೆ. ಎರಡನೇ ಮಹಡಿಯ ಕಟ್ಟೆಯ ಮೇಲೆ ಮಗುವನ್ನು ಕೂರಿಸಿ "ಗಟ್ಟಿ ಹಿಡ್ಕೋ" ಅನ್ನುವ ತಾಯಿ ಯಾರೂ ಇಲ್ಲ. ಗಾಡಿಯ ಹಿಂದೆ ಅದೇ ಎತ್ತರ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಗುದ್ದುವುದೇ ಬೇಕಾಗಿಲ್ಲ. ಹಿಂದೆ ಕೂತವರು ಬೀಳುವುದಕ್ಕೆ ಒಂದು ಗುಂಡಿ, ಹಂಪು, ಅಡ್ಡ ಬಂದ ನಾಯಿ ಸಾಕು. ಪಿಕಪ್‌ನ ಪಕ್ಕದ ತಗಡು ನಿಂತವರ ತೊಡೆಯಷ್ಟು ಎತ್ತರವೂ ಇರುವುದಿಲ್ಲ. ನಿಂತ ಮನುಷ್ಯನ ದೇಹದ ಭಾರ ಹೊಕ್ಕುಳ ಹತ್ತಿರ ಕೂಡಿರುತ್ತದೆ. ತಡೆ ಅದಕ್ಕಿಂತ ಕೆಳಗಿದ್ದರೆ ಅದು ತಡೆಯುವುದಿಲ್ಲ, ಕಾಲಿಗೆ ಅಡ್ಡಗಾಲು ಹಾಕಿ ಉರುಳಿಸುತ್ತದೆ. ಆ ತಗಡಿನ ಅಂಚಿನ ಮೇಲೆಯೇ ಕಾಲು ಇಳಿಬಿಟ್ಟು ಕೂರುವ ಹುಡುಗರಿಗಂತೂ ತಡೆಯೇ ಇಲ್ಲ.

ಇನ್ನೊಂದು ತೊಂದರೆ ಗಾಡಿಯದ್ದು. ಮೊದಲು ಬಂದ ಟಾಟಾ ಏಸ್ ಹೊರಬಹುದಾದ ಭಾರ ಸುಮಾರು 750 ಕೆಜಿ. ಸರಾಸರಿ 60 ಕೆಜಿಯ ಇಪ್ಪತ್ತು ಜನ ಹತ್ತಿದರೆ 1,200 ಕೆಜಿ. ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲುವ ದೂರ ಹೆಚ್ಚಾಗುತ್ತದೆ, ಟಯರು ಕಾಯುತ್ತದೆ. ಅಷ್ಟೂ ಜನ ನಿಂತರೆ ಭಾರವೆಲ್ಲ ಮೇಲಕ್ಕೆ ಹೋಗಿ ತಿರುವಿನಲ್ಲಿ ಗಾಡಿ ವಾಲುತ್ತದೆ. ಅಕ್ಕಿಚೀಲ ತಿರುವಿನಲ್ಲಿ ಇದ್ದಲ್ಲೇ ಇರುತ್ತದೆ. ಮನುಷ್ಯರು ಒಬ್ಬರ ಮೇಲೊಬ್ಬರು ಒರಗುತ್ತಾರೆ, ಎಲ್ಲರೂ ಒಂದೇ ಕಡೆಗೆ, ಗಾಡಿ ಯಾವ ಕಡೆ ಬೀಳಲು ಹೊರಟಿದೆಯೋ ಅದೇ ಕಡೆಗೆ. ಪುಣೆಯಿಂದ ಬೆಳಗಾವಿ ದಾರಿಯ ಖಂಬಾಟಕಿ ಘಾಟಿನಂಥ ಕಡೆ ಇದು ಎಷ್ಟು ಅಪಾಯ ಅಂತ ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

2025ರ ಜನವರಿ 22ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿದ್ದು ನಿಮಗೆ ನೆನಪಿರಬಹುದು. ಹಣ್ಣು ತರಕಾರಿ ತುಂಬಿದ್ದ ಲಾರಿಯಲ್ಲಿ ವ್ಯಾಪಾರಿಗಳೂ ಕೂತಿದ್ದರು. ಹತ್ತು ಜನ ತೀರಿಕೊಂಡರು. ಅದಕ್ಕೂ ಮೊದಲು, 2024ರ ಮೇ 20ರಂದು ಛತ್ತೀಸಗಡದ ಕವರ್ಧಾ ಕಡೆ ಬೀಡಿ ಎಲೆ ಆರಿಸಿ ಬರುತ್ತಿದ್ದವರ ಪಿಕಪ್ ಕಣಿವೆಗೆ ಬಿದ್ದು 19 ಜನ ಸತ್ತರು, ಒಬ್ಬರನ್ನು ಬಿಟ್ಟು ಎಲ್ಲರೂ ಹೆಂಗಸರು. ಎರಡೂ ಕಡೆ ಇದ್ದವರು ದುಡಿದು ತಿನ್ನುವವರು. ಇಂಥ ಸುದ್ದಿ ಬಂದಾಗಲೆಲ್ಲ "ಇವರಿಗೆ ಬುದ್ಧಿ ಇಲ್ಲ, ಬಸ್ಸಿಗೆ ಹೋಗಬಾರದಿತ್ತೇ" ಅಂತ ಬರೆಯುವವರಿದ್ದಾರೆ. ಆ ಹೊತ್ತಿಗೆ ಆ ದಾರಿಗೆ ಬಸ್ಸಿತ್ತೇ, ಮಾಲನ್ನು ಬಿಟ್ಟು ವ್ಯಾಪಾರಿ ಬೇರೆ ಬಸ್ಸಿಗೆ ಹೋಗಲಾಗುತ್ತದೆಯೇ ಅಂತ ಅವರು ಕೇಳುವುದಿಲ್ಲ. ನಾವು ಬೈಗುಳ ಬಿಟ್ಟು, ನಮ್ಮ ಕೈಯಲ್ಲಿ ಏನಿದೆ ಅಂತ ನೋಡೋಣ.

ನಮ್ಮ ಕೈಯಲ್ಲೇ ಪೂರ್ತಿ ಇರುವ ಕೆಲವು ಸಂದರ್ಭಗಳಿವೆ. ಮದುವೆ, ಜಾತ್ರೆ, ಪಿಕ್ನಿಕ್ಕು, ಗಣಪತಿ. ಇವಕ್ಕೆ ತಾರೀಖು ಮೊದಲೇ ಗೊತ್ತಿರುತ್ತದೆ. ಇಪ್ಪತ್ತು ಜನ ಸೇರಿ ಪಿಕಪ್‌ಗೆ ಕೊಡುವ ದುಡ್ಡಿನ ಮೇಲೆ ತಲೆಗೆ ಇನ್ನಷ್ಟು ಹಾಕಿದರೆ ಸೀಟಿರುವ ಗಾಡಿ ಸಿಗುತ್ತದೆ, ಇಲ್ಲವೇ ಗುಂಪಾಗಿ ಸರ್ಕಾರಿ ಬಸ್ಸಿಗೆ ಟಿಕೆಟ್ ಮಾಡಿಸಬಹುದು. ಗಣಪತಿಯನ್ನು ಪಿಕಪ್‌ನಲ್ಲಿ ಕೂರಿಸಿ, ನೀವು ಜೊತೆಗೆ ನಡೆಯಿರಿ. ಮೂರ್ತಿ ಹಿಡಿಯಲು ಇಬ್ಬರು ದೊಡ್ಡವರು ಕೂತರೆ ಸಾಕು, ಅದೂ ಗಾಡಿ ನಡಿಗೆಯ ವೇಗದಲ್ಲಿದ್ದಾಗ. ಮಕ್ಕಳನ್ನಂತೂ ಯಾವ ಕಾರಣಕ್ಕೂ ಹಿಂದೆ ಹತ್ತಿಸಬೇಡಿ. ತೊಡೆ ಮೇಲೆ ಇಟ್ಟುಕೊಂಡಿರುತ್ತೇನೆ ಅನ್ನುವುದು ನಂಬುವ ಮಾತಲ್ಲ. ಗಾಡಿ ಗಕ್ಕನೆ ನಿಂತಾಗ 10 ಕೆಜಿಯ ಕೂಸನ್ನು ಹಿಡಿದುಕೊಳ್ಳುವ ಶಕ್ತಿ ಯಾವ ತಾಯಿಯ ತೋಳಿನಲ್ಲೂ ಇರುವುದಿಲ್ಲ.

ಕಷ್ಟ ಇರುವುದು ಕೂಲಿಯ ಗಾಡಿಯಲ್ಲಿ. ಮೇಸ್ತ್ರಿ ಪಿಕಪ್ ತಂದು ನಿಲ್ಲಿಸಿ "ಹತ್ತಿ" ಅಂದಾಗ ಒಬ್ಬ ಹತ್ತುವುದಿಲ್ಲ ಅಂದರೆ ಅವನ ಅವತ್ತಿನ ಪಗಾರ ಹೋಯಿತು, ಇನ್ನೊಬ್ಬ ಹತ್ತುತ್ತಾನೆ. ಹಾಗಾಗಿ ಒಬ್ಬರೇ ಹೇಳಬೇಡಿ. ನಾಕಾದಲ್ಲಿ ನಮ್ಮೂರ ಕಡೆಯವರು ಹತ್ತು ಜನ ಇದ್ದರೆ ಹತ್ತೂ ಜನ ಸೇರಿ, ಕೆಲಸ ಒಪ್ಪಿಕೊಳ್ಳುವ ಹೊತ್ತಿನಲ್ಲೇ, "ಮಾಮಾ, ಹೋಗಿ ಬರುವ ಗಾಡಿಗೆ ಸೀಟು ಇರಲಿ, ಇಲ್ಲ ಬಸ್ ಚಾರ್ಜ್ ಕೊಡಿ" ಅಂತ ಮಾತಾಡಿಕೊಳ್ಳಿ. ಕೂಲಿ ಎಷ್ಟು ಅಂತ ಕೇಳುವಾಗ ಇದನ್ನೂ ಕೇಳಿದರೆ ಅದು ಜಗಳ ಅನ್ನಿಸುವುದಿಲ್ಲ, ವ್ಯವಹಾರ ಅನ್ನಿಸುತ್ತದೆ. ಗಾಡಿ ಬಂದು ನಿಂತ ಮೇಲೆ ಹೇಳಿದರೆ ಮಾತ್ರ ಜಗಳ.

ಆದರೂ ಹತ್ತಲೇಬೇಕಾದ ದಿನ ಬಂದರೆ? ಇದನ್ನು ಬರೆದರೆ ಹತ್ತಲು ಅನುಮತಿ ಕೊಟ್ಟಂತೆ ಆಗುತ್ತದೆ ಅನ್ನುವವರಿದ್ದಾರೆ. ಬರೆಯದೇ ಇದ್ದರೂ ನಾಳೆ ಬೆಳಗ್ಗೆ ಗಾಡಿ ಬರುವುದು ನಿಲ್ಲುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ನೆಲದ ಮೇಲೆ ಕೂತುಕೊಳ್ಳಿ, ಬೆನ್ನು ಡ್ರೈವರ್ ಕ್ಯಾಬಿನ್‌ನ ಗೋಡೆಗೆ ಒರಗಿರಲಿ. ಗಕ್ಕನೆ ಬ್ರೇಕ್ ಹಾಕಿದಾಗ ಆ ಗೋಡೆಯೇ ನಿಮ್ಮನ್ನು ತಡೆಯುವುದು. ಪಕ್ಕದ ತಗಡಿನ ಮೇಲೆ, ಸರಕಿನ ಮೇಲೆ, ಹಿಂದಿನ ಬಾಗಿಲ ಹತ್ತಿರ ಕೂರಬೇಡಿ, ನಿಲ್ಲಬೇಡಿ. ಪುಣೆ ಕಡೆ ಫಾಳ್ಕಾ ಅನ್ನುವ ಆ ಹಿಂದಿನ ಬಾಗಿಲ ಕೊಂಡಿ ಎರಡೂ ಕಡೆ ಬಿದ್ದಿದೆಯೇ, ಸರಪಳಿ ಇದೆಯೇ ಅಂತ ಹೊರಡುವ ಮುನ್ನ ಕೈಯಿಂದ ಎಳೆದು ನೋಡಿ. ಅದಕ್ಕೆ ಒರಗಿ ಕೂತವರು ಕೊಂಡಿ ಕಳಚಿದರೆ ನೇರ ಹಿಂದಿನ ಗಾಡಿಯ ಚಕ್ರಕ್ಕೇ ಬೀಳುವುದು. ಹೆಲ್ಮೆಟ್ ಸೈಟಿನಲ್ಲಿ ಹಾಕುವುದಾದರೆ ಗಾಡಿಯಲ್ಲೂ ತಲೆ ಮೇಲಿರಲಿ, ಕೈಯಲ್ಲಿ ಬೇಡ. ಡ್ರೈವರ್ ಕುಡಿದ ವಾಸನೆ ಬಂದರೆ, ಅಥವಾ ರಾತ್ರಿಯಿಡೀ ಓಡಿಸಿ ಬಂದು ತೂಕಡಿಸುತ್ತಿದ್ದರೆ ಹತ್ತಬೇಡಿ. ಅವತ್ತಿನ ಪಗಾರ ಹೋದರೆ ಹೋಗಲಿ.

ಜನರ ಜೊತೆ ಸಾಮಾನೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಕಬ್ಬಿಣದ ಸರಳು, ಸೆಂಟ್ರಿಂಗ್ ಪ್ಲೇಟು, ಮಿಕ್ಸರ್ ಯಂತ್ರ ಇವು ಜಾರಿದರೆ ನಿಮ್ಮ ಮೇಲೇ ಬರುತ್ತವೆ. ಗ್ರಾನೈಟ್, ಮಾರ್ಬಲ್ ಕೆಲಸಕ್ಕೆ ಹೋಗುವವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. 10 ಅಡಿ ಉದ್ದ, 3 ಅಡಿ ಅಗಲ, 2 ಸೆಂಟಿಮೀಟರ್ ದಪ್ಪದ ಒಂದೇ ಒಂದು ಗ್ರಾನೈಟ್ ಹಲಗೆ ಸುಮಾರು 150 ಕೆಜಿ ತೂಗುತ್ತದೆ. ನೆಟ್ಟಗೆ ನಿಲ್ಲಿಸಿದ ಆರು ಹಲಗೆ ಒಟ್ಟಿಗೆ ವಾಲಿದರೆ ಅದು 900 ಕೆಜಿ. "ಬೀಳುತ್ತೆ, ಹಿಡೀರಿ" ಅಂತ ಯಾರೋ ಕೂಗಿದಾಗ ಕೈಯೊಡ್ಡುವುದು ನಮ್ಮ ಸ್ವಭಾವ. ಒಡ್ಡಬೇಡಿ. ಕಲ್ಲು ಒಡೆದರೆ ಇನ್ನೊಂದು ಕಲ್ಲು ಬರುತ್ತದೆ. ಹಲಗೆ ಮತ್ತು ಗಾಡಿಯ ತಗಡಿನ ನಡುವೆ ನಿಲ್ಲುವುದು, ಕೂರುವುದು ಯಾವತ್ತೂ ಬೇಡ.

ಈಗ ಮನೆ ಬದಲಿಸುವ ದಿನಕ್ಕೆ ಬರೋಣ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಗಂಟುಮೂಟೆ ಕಟ್ಟುವುದು ನಮ್ಮ ಮನೆಗಳಲ್ಲಿ ಹಬ್ಬದಂತೆ ತಪ್ಪದೆ ಬರುತ್ತದೆ. ಮುಂದೆ ಡ್ರೈವರ್ ಪಕ್ಕ ಒಬ್ಬರೋ ಇಬ್ಬರೋ ಕೂರಬಹುದು, ಉಳಿದವರು ಸಾಮಾನಿನ ಜೊತೆ ಹಿಂದೆ, "ಕಪಾಟು ಬೀಳದ ಹಾಗೆ ಹಿಡಿದುಕೊಳ್ಳಲು". ಕಪಾಟನ್ನು ಹಿಡಿಯಬೇಕಾದದ್ದು ಹಗ್ಗ, ನಿಮ್ಮ ತಮ್ಮನಲ್ಲ. ಭಾರದ ಸಾಮಾನನ್ನು, ಅಂದರೆ ಕಪಾಟು, ಫ್ರಿಜ್, ವಾಷಿಂಗ್ ಮಷಿನ್, ಕ್ಯಾಬಿನ್ ಗೋಡೆಗೆ ತಾಗಿಸಿ ಕೆಳಗೆ ಇಡಿ. ಹಗುರವಾದದ್ದು ಹಿಂದೆ ಮತ್ತು ಮೇಲೆ. ಕಪಾಟಿನ ಬಾಗಿಲನ್ನು ಮೊದಲು ಅದಕ್ಕೇ ಹಗ್ಗ ಸುತ್ತಿ ಬಿಗಿಯಿರಿ, ಆಮೇಲೆ ಗಾಡಿಯ ಕೊಂಡಿಗೆ ಎರಡು ಕಡೆಯಿಂದ ಕಟ್ಟಿ. ಗಾದಿಗಳನ್ನು ಮೇಲೆ ಹರಡಿ ಬಿಟ್ಟರೆ ಫ್ಲೈಓವರ್ ಮೇಲಿನ ಗಾಳಿಗೆ ಅವು ಹಾರುತ್ತವೆ, ಹಿಂದೆ ಬರುವ ಸ್ಕೂಟರಿನವನ ಮೇಲೆ ಬೀಳುತ್ತವೆ. ಹೊರಟು ಒಂದೆರಡು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ನೋಡಿ. ಸಾಮಾನು ಕುಲುಕಿ ಕೂತ ಮೇಲೆ ಎಂಥ ಬಿಗಿ ಹಗ್ಗವೂ ಸಡಿಲವಾಗುತ್ತದೆ. ಮಂಚದ ಪಟ್ಟಿ, ಪೈಪು ಹೊರಗೆ ಚಾಚಿಕೊಂಡಿರುವುದು ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಿತಿ ಮೀರಿ ಸರಕು ಹೊರಗೆ ಚಾಚಿದ್ದರೆ ದಂಡ 20,000 ರೂಪಾಯಿ. ಡ್ರೈವರ್ ಅದನ್ನು ಯಾರ ಹತ್ತಿರ ಕೇಳುತ್ತಾನೆ ಅಂತ ನಿಮಗೇ ಗೊತ್ತು.

ಗ್ಯಾಸ್ ಸಿಲಿಂಡರ್ ಇದ್ದರೆ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಮಲಗಿಸಿದ ಸಿಲಿಂಡರ್ ಉರುಳುವುದಷ್ಟೇ ಅಲ್ಲ, ಸೋರಿದರೆ ದ್ರವವೇ ಹೊರಗೆ ಬರುತ್ತದೆ, ಅದು ಅನಿಲಕ್ಕಿಂತ ಹೆಚ್ಚು ಅಪಾಯ. ಅದರ ಪಕ್ಕ ಕೂತು ಬೀಡಿ ಸೇದುವವರು ಇದ್ದರೆ ಕೆಳಗಿಳಿಸಿ. ಅಜ್ಜ, ಅಜ್ಜಿ, ಬಸುರಿ, ಮಕ್ಕಳು ಆಟೋದಲ್ಲಿ ಬರಲಿ. ಮನೆ ಬದಲಿಸುವ ಖರ್ಚಿನಲ್ಲಿ ಆ ಆಟೋದ ದುಡ್ಡು ಮೊದಲೇ ಸೇರಿರಲಿ.

ಮಳೆಗಾಲದಲ್ಲಿ ಇನ್ನೊಂದು ಅಪಾಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಳೆ ಬಂತು ಅಂತ ಹಿಂದೆ ಕೂತವರ ಮೇಲೆ ತಾಡಪತ್ರಿ ಮುಚ್ಚಿಬಿಡುತ್ತೇವೆ. ಓಡುವ ಗಾಡಿಯ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಒಳಕ್ಕೆ ಎಳೆಯಲ್ಪಡುತ್ತದೆ. ಸೈಲೆನ್ಸರ್ ತೂತು ಬಿದ್ದಿದ್ದರೆ ಮತ್ತೂ ಹೆಚ್ಚು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಹೆಚ್ಚು. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ನಾವು "ಗಾಡಿ ಕುಲುಕಿ ವಾಂತಿ ಬಂತು, ಮಗು ಮಲಗಿತು" ಅಂದುಕೊಳ್ಳುತ್ತೇವೆ. ಅಮೆರಿಕದ ಸಿಯಾಟಲ್‌ನ ವೈದ್ಯರು ಪಿಕಪ್‌ನ ಹಿಂದೆ ಕೂತು ಈ ವಿಷದಿಂದ ಆಸ್ಪತ್ರೆ ಸೇರಿದ 20 ಮಕ್ಕಳ ವಿವರವನ್ನು 1992ರಲ್ಲಿ ಪ್ರಕಟಿಸಿದ್ದರು. ಹೆಚ್ಚಿನವರು ಕೂತಿದ್ದು ಗಟ್ಟಿ ಮುಚ್ಚಳವಿದ್ದ ಗಾಡಿಗಳಲ್ಲಿ, ಕೆಲವರು ಬರೀ ಟಾರ್ಪಾಲಿನ ಕೆಳಗೆ. ಹೀಗೆ ತಾಡಪತ್ರಿಯೊಳಗೆ ಕೂತವರಿಗೆ ಒಟ್ಟೊಟ್ಟಿಗೆ ತಲೆನೋವು ಶುರುವಾದರೆ ಗಾಡಿ ನಿಲ್ಲಿಸಿ, ಹೊರಗೆ ಗಾಳಿಗೆ ಬನ್ನಿ. ಎಬ್ಬಿಸಿದರೂ ಏಳದವರನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿ "ಹೊಗೆ ಕುಡಿದಿದ್ದಾರೆ" ಅಂತ ಹೇಳಿ. ಹೇಳದಿದ್ದರೆ ಡಾಕ್ಟರಿಗೂ ಅದು ಹೊಳೆಯದೇ ಹೋಗಬಹುದು.

ಗಾಡಿ ನಿಂತಿದ್ದಾಗಲೂ ಪೆಟ್ಟಾಗುತ್ತದೆ. ಹಿಂದಿನಿಂದ ಕೆಳಕ್ಕೆ ಧುಮುಕುವುದು ಎಲ್ಲರ ಅಭ್ಯಾಸ. ಮೂರಡಿ ಎತ್ತರ ಏನು ಮಹಾ ಅನ್ನಿಸುತ್ತದೆ, ಆದರೆ ಕಲ್ಲಿನ ಮೇಲೆ ಕಾಲು ಓರೆಯಾಗಿ ಬಿದ್ದರೆ ಹಿಮ್ಮಡಿ ಮೂಳೆ ಮುರಿಯುತ್ತದೆ, ಹಿಮ್ಮಡಿ ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಇಳಿಯುವಾಗ ಗಾಡಿಯ ಕಡೆಗೆ ಮುಖ ಮಾಡಿ, ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಗಾಡಿಗೆ ತಾಗಿರುವಂತೆ ನಿಧಾನ ಇಳಿಯಿರಿ.

ಉಂಗುರದ ವಿಷಯವನ್ನೂ ಹೇಳಬೇಕು. ಧುಮುಕುವಾಗ ಕೈಯ ಉಂಗುರ ತಗಡಿನ ಅಂಚಿಗೋ ಕೊಂಡಿಗೋ ಸಿಕ್ಕಿಕೊಂಡರೆ ಇಡೀ ದೇಹದ ಭಾರ ಆ ಒಂದು ಬೆರಳಿನ ಮೇಲೆ ಬೀಳುತ್ತದೆ. ಬೆರಳಿನ ಚರ್ಮ ಕೈಗವಸಿನಂತೆ ಕಿತ್ತುಬರುತ್ತದೆ, ಕೆಲವೊಮ್ಮೆ ಬೆರಳೇ ಬರುತ್ತದೆ. ಓದಲು ಕಷ್ಟ, ಆದರೆ ಇದು ನಿಜ, ಕೈಯ ಸರ್ಜನ್‌ಗಳಿಗೆ ಚೆನ್ನಾಗಿ ಗೊತ್ತಿರುವ ಗಾಯ. ಸಾಮಾನು ಹತ್ತಿಸುವ ದಿನ ಉಂಗುರ ತೆಗೆದು ಜೇಬಿನಲ್ಲಿಡಿ. ಮದುವೆಯ ಉಂಗುರ ತೆಗೆಯಬಾರದು ಅನ್ನುವ ಮನೆಯವರಿಗೆ ಈ ಪ್ಯಾರಾ ತೋರಿಸಿ. ಹೀಗೆ ಬೆರಳು ತುಂಡಾದರೆ ಅದನ್ನು ಸ್ವಚ್ಛ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನಡುವೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ದುಡ್ಡಿನ ಮಾತು. ಸರಕಿನ ಗಾಡಿಯ ಪರ್ಮಿಟ್ ಸರಕಿಗೆ ಮಾತ್ರ. ಅದರಲ್ಲಿ ಪ್ರಯಾಣಿಕರಾಗಿ ಹೋದವರಿಗೆ ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸಾಮಾನಿನ ಮಾಲೀಕರಿಗೆ, ಅಥವಾ ಅವರ ಪರವಾಗಿ ಸಾಮಾನಿನ ಜೊತೆ ಹೋಗುವವರಿಗೆ ಕಾನೂನಿನಲ್ಲಿ ರಕ್ಷಣೆ ಇದೆ, ಆದರೆ ಅವರು ಕ್ಯಾಬಿನ್‌ನಲ್ಲಿ ಕೂತಿರಬೇಕು, ಸರಕಿನ ಮೇಲಲ್ಲ. ಗಾಡಿ ಮಾಲೀಕನಿಂದ ವಸೂಲಿ ಮಾಡಬಹುದು ಅಂತ ಕೋರ್ಟ್ ಹೇಳಬಹುದು, ಆದರೆ ಒಂದೇ ಪಿಕಪ್ ಇಟ್ಟುಕೊಂಡು ಸಾಲದಲ್ಲಿರುವವನಿಂದ ಬರುವುದೆಷ್ಟು? ಕೆಲಸಕ್ಕೆ ಕರೆದೊಯ್ಯುತ್ತಿದ್ದ ಗಾಡಿಯಾದರೆ ಕೆಲಸ ಕೊಟ್ಟವರಿಂದ ಪರಿಹಾರ ಕೇಳುವ ದಾರಿ ಬೇರೆ ಇದೆ. ಅದಕ್ಕೆ ಅವತ್ತು ಯಾರ ಕೆಲಸಕ್ಕೆ ಹೊರಟಿದ್ದಿರಿ ಅನ್ನುವುದಕ್ಕೆ ಪುರಾವೆ ಬೇಕು. ದಿನಾ ಬೆಳಗ್ಗೆ ಗಾಡಿಯ ನಂಬರಿನ ಫೋಟೋ ತೆಗೆದು ಮನೆಯವರಿಗೆ ಕಳಿಸಿ, ಜೊತೆಗೆ ಮೇಸ್ತ್ರಿಯ ಹೆಸರು ಮತ್ತು ಸೈಟು ಎಲ್ಲಿ ಅಂತ. ಇದಕ್ಕೆ ಅರ್ಧ ನಿಮಿಷವೂ ಬೇಡ. ಇನ್ನೊಂದು, ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಬಹುದು. ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ. ಮಾಡಿಸಿದ್ದೀರಾ ಅಂತ ಪಾಸ್‌ಬುಕ್‌ನಲ್ಲಿ ಒಮ್ಮೆ ನೋಡಿ.

ಯಾರಾದರೂ ಬಿದ್ದೇಬಿಟ್ಟರೆ ಏನು ಮಾಡಬೇಕು ಅನ್ನುವುದನ್ನು ಪೂರ್ತಿ ಓದಿ. ಮೊದಲು ಹಿಂದೆ ಬರುವ ಗಾಡಿಗಳನ್ನು ನಿಲ್ಲಿಸಿ, ಇಲ್ಲದಿದ್ದರೆ ಎತ್ತಲು ಹೋದವರೂ ಬೀಳುತ್ತಾರೆ. ಬಿದ್ದವರನ್ನು ಕೂಡಲೇ ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ಕುತ್ತಿಗೆ ಮೂಳೆಗೆ ಪೆಟ್ಟಾಗಿದ್ದರೆ ಎಬ್ಬಿಸಿದಾಗ ಕೈಕಾಲು ಸ್ವಾಧೀನ ತಪ್ಪಬಹುದು. ಒಬ್ಬರು ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯಿರಿ. ವಾಂತಿ ಬಂದರೆ ತಲೆ, ಕುತ್ತಿಗೆ, ಮೈ ಮೂರೂ ಒಂದೇ ಮರದ ದಿಮ್ಮಿ ಎಂಬಂತೆ ಎಲ್ಲರೂ ಸೇರಿ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ ಏನೂ ಬೇಡ.

ದೇಶದ ಎಲ್ಲ ಕಡೆ 112ಕ್ಕೆ ಫೋನ್ ಮಾಡಬಹುದು. ಆಂಬುಲೆನ್ಸ್‌ಗೆ ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡು, ಕರ್ನಾಟಕದಲ್ಲಿ 108. ದೆಹಲಿಯಲ್ಲಿ 102. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಭಾಷೆ ಬರುವುದಿಲ್ಲ ಅಂತ ಹೆದರಬೇಡಿ, ಹತ್ತಿರದ ಅಂಗಡಿಯವರ ಕೈಗೆ ಫೋನ್ ಕೊಟ್ಟು ಜಾಗ ಹೇಳಿಸಿ. ದಾರಿಹೋಕರು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಅವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಕಾಯ್ದೆಯಲ್ಲೇ ಹಾಗಿದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗುವ ಕೇಂದ್ರದ ಯೋಜನೆಯೂ ಇದೆ. ಸೇರಿಸುವಾಗಲೇ ಅದರ ಬಗ್ಗೆ ಕೇಳಿ. ದುಡ್ಡು ಹೊಂದಿಸಲು ಊರಿಗೆ ಫೋನ್ ಮಾಡುತ್ತ ಮೊದಲ ಒಂದು ಗಂಟೆಯನ್ನು ಕಳೆಯಬೇಡಿ.

ಕೊನೆಯದಾಗಿ, ಬಿದ್ದು ಎದ್ದು ಧೂಳು ಕೊಡವಿಕೊಂಡು "ಏನಾಗಿಲ್ಲ" ಅನ್ನುವವರ ಬಗ್ಗೆ. ತಲೆಗೆ ಪೆಟ್ಟು ಬಿದ್ದವರು ಒಂದೆರಡು ಗಂಟೆ ಚೆನ್ನಾಗಿಯೇ ಮಾತಾಡಿ, ಊಟ ಮಾಡಿ, ಆಮೇಲೆ ಒಳಗೆ ರಕ್ತ ತುಂಬಿ ಪ್ರಜ್ಞೆ ತಪ್ಪುವುದುಂಟು. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಾತು ತೊದಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಸೋರುವುದು, ಫಿಟ್ಸ್ ಬರುವುದು, ಕೈಕಾಲು ಶಕ್ತಿಗುಂದುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ಹಿರಿಯರು ತಲೆಗೆ ಪೆಟ್ಟಾದರೆ ಲಕ್ಷಣ ಇಲ್ಲದಿದ್ದರೂ ತೋರಿಸಿಕೊಳ್ಳಬೇಕು. ಕುಡಿದವನು ಬಿದ್ದಿದ್ದರೆ "ನಶೆ, ಮಲಗಲಿ ಬಿಡು" ಅನ್ನುವುದು ಬೇಡ, ನಶೆಯೋ ಮಿದುಳಿನ ರಕ್ತಸ್ರಾವವೋ ಮನೆಯಲ್ಲಿ ಗೊತ್ತಾಗುವುದಿಲ್ಲ. ನೋವಿಗೆ ಅಂತ ಅಂಗಡಿಯಿಂದ ಬ್ರೂಫೆನ್, ಆಸ್ಪಿರಿನ್ ತಂದು ಕೊಡಬೇಡಿ, ಅವು ರಕ್ತಸ್ರಾವ ಹೆಚ್ಚಿಸಬಹುದು.

ಡಾಕ್ಟರು ನೋಡಿ ಮನೆಗೆ ಕಳಿಸಿದ್ದರೂ ಮೊದಲ ರಾತ್ರಿ ಆ ರೂಮಿನಲ್ಲಿ ಒಬ್ಬರು ಜೊತೆಗಿರಿ. ನಡುರಾತ್ರಿ ಒಂದೆರಡು ಸಲ ಎಬ್ಬಿಸಿ ಹೆಸರೇನು, ಯಾವ ಊರು, ಮಕ್ಕಳೆಷ್ಟು ಅಂತ ಕೇಳಿ. ಬೈದುಕೊಂಡಾದರೂ ಸರಿಯಾಗಿ ಹೇಳಿದರೆ ಮಲಗಲು ಬಿಡಿ. ಊರಿನ ಹೆಸರು ತಪ್ಪಿದರೆ ಆಟೋ ಕರೆಯಿರಿ.